ವಚನಕ್ಕೆ ಯಾವ ರಿವರ್ಬ್, ಎಷ್ಟು? ಮನೆಯಲ್ಲಿ ಮಾಡಿದ ಒಂದು ರೆಕಾರ್ಡಿಂಗ್‌ನ ಪೂರ್ತಿ ವಿವರ

ಹಾಡುವವರು ಧಾರವಾಡದ ಒಬ್ಬ ಶಾಲಾ ಶಿಕ್ಷಕಿ. ಹಿಂದೂಸ್ತಾನಿ ಕಲಿತವರು, ವಚನಗಳನ್ನು ಹಾಡುತ್ತಾರೆ. ಎಲ್ಲರೂ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಒಂದು ವಚನವನ್ನು ಅವರ ಮನೆಯಲ್ಲೇ ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿ, ಫೋನಿನಲ್ಲಿ ಕೇಳುವವರಿಗೂ ಮಠದ ಕಾರ್ಯಕ್ರಮದಲ್ಲಿ ಹಾಕುವವರಿಗೂ ಆಗುವ ಹಾಗೆ ಕೊಡಬೇಕಿತ್ತು. ಅವರು ಕೇಳಿದ್ದು ಇಷ್ಟೇ: "ಗುಡಿಯಾಗ ಕುಂತು ಹಾಡಿದಂಗ ಕೇಳಬೇಕು ನೋಡು ತಮ್ಮಾ. ಆದ್ರ ಒಂದೊಂದು ಮಾತೂ ತಿಳೀಬೇಕು."

ಹಿಂದೆ ಬೇರೆ ಕಡೆ ಮಾಡಿಸಿದ್ದ ಒಂದು ರೆಕಾರ್ಡಿಂಗನ್ನೂ ಕೇಳಿಸಿದರು. ದನಿ ಚೆನ್ನಾಗಿತ್ತು, ಶ್ರುತಿ ಚೆನ್ನಾಗಿತ್ತು, ಆದರೆ ಎಲ್ಲ ಎಲ್ಲೋ ದೂರದ ಹಾಲಿನಲ್ಲಿ ನಡೆಯುತ್ತಿರುವ ಹಾಗಿತ್ತು. "ಮಾತs ತಿಳೀವಲ್ದು" ಅಂದರು. ವಚನದಲ್ಲಿ ಮಾತೇ ತಿಳಿಯದಿದ್ದರೆ ಉಳಿಯುವುದೇನು? ಅವರ ಬೇಸರ ನನಗೆ ಪೂರ್ತಿ ಅರ್ಥವಾಯಿತು.

ಅವರು ಕೇಳಿದ ಎರಡು ವಿಷಯ ಮೇಲ್ನೋಟಕ್ಕೆ ಒಂದಕ್ಕೊಂದು ಎದುರು. ಗುಡಿಯ ಗುಂಯ್ ಅನ್ನುವ ದನಿ ಬೇಕು ಅಂದರೆ ರಿವರ್ಬ್, ಅಂದರೆ ಮೂಲ ದನಿ ನಿಂತ ಮೇಲೂ ಉಳಿಯುವ ಮೊಳಗು, ಜಾಸ್ತಿ ಮಾಡಬೇಕು, ಮಾತು ತಿಳಿಯಬೇಕು ಅಂದರೆ ಕಡಿಮೆ ಮಾಡಬೇಕು. ಹೆಚ್ಚಿನವರು ಇಲ್ಲಿ ನಡುವಿನ ಒಂದು ಜಾಗಕ್ಕೆ ನಾಬ್ ತಿರುಗಿಸಿ ಸುಮ್ಮನಾಗುತ್ತಾರೆ. ಆಗ ಗುಡಿಯೂ ಇಲ್ಲ, ಮಾತೂ ಇಲ್ಲ. ಕನ್ನಡದ ಹಾಡಿಗೆ ರಿವರ್ಬ್ ಆರಿಸುವಾಗ ಪ್ಲಗಿನ್ (ಮಿಕ್ಸಿಂಗ್ ಸಾಫ್ಟ್‌ವೇರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಹೆಸರನ್ನೋ ಅದರ ಸಿದ್ಧ ಸೆಟ್ಟಿಂಗ್ ಆದ ಪ್ರೀಸೆಟ್ ಹೆಸರನ್ನೋ ನೋಡುವ ಬದಲು, ಅಕ್ಷರ ಮತ್ತು ಅಕ್ಷರದ ನಡುವಿನ ಸಣ್ಣ ಮೌನದಲ್ಲಿ ಏನಾಗುತ್ತಿದೆ ಅಂತ ಕೇಳಬೇಕು. ಈ ಕೆಲಸದಲ್ಲಿ ಎಲ್ಲ ತೀರ್ಮಾನವೂ ಅಲ್ಲಿಂದಲೇ ಬಂತು.

ಮೊದಲು ಕೋಣೆಯ ವಿಷಯ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಸಿಮೆಂಟ್ ಗೋಡೆ, ಆರ್‌ಸಿಸಿ ಸ್ಲ್ಯಾಬ್, ನೆಲಕ್ಕೆ ಶಹಾಬಾದ್ ಫರಸಿ. ನಡುವೆ ನಿಂತು ಚಪ್ಪಾಳೆ ಹೊಡೆದರೆ ಟ್ರ್‌ರ್‌ರ್ ಅಂತ ಗೋಡೆಯಿಂದ ಗೋಡೆಗೆ ದನಿ ಓಡಾಡುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅಗಲವೂ ಎತ್ತರವೂ ಒಂದೇ ಆಗಿದ್ದರಿಂದ ಇನ್ನೊಂದು ತೊಂದರೆ: ಎದುರುಬದುರು ಮೇಲ್ಮೈಗಳ ನಡುವೆ 10 ಅಡಿ ಇದ್ದರೆ ಸುಮಾರು 56 ಹರ್ಟ್ಝ್‌ನಲ್ಲಿ, ಮತ್ತೆ ಅದರ ದುಪ್ಪಟ್ಟು 112 ಹರ್ಟ್ಝ್‌ನಲ್ಲಿ ದನಿ ಊದಿಕೊಳ್ಳುತ್ತದೆ. ಇಲ್ಲಿ ಅಗಲದ ದಿಕ್ಕಿನಲ್ಲೂ ಎತ್ತರದ ದಿಕ್ಕಿನಲ್ಲೂ ಅದೇ ಸಂಖ್ಯೆ, ಹಾಗಾಗಿ ಪರಿಣಾಮ ಒಂದರ ಮೇಲೊಂದು ಕೂಡುತ್ತದೆ. ಹೆಂಗಸರ ದನಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ತಬಲಾದ ಎಡಕ್ಕೆ, ಅಂದರೆ ಡಗ್ಗಾಕ್ಕೆ, ಚೆನ್ನಾಗಿ ತಟ್ಟುತ್ತದೆ.

ಫೋಮ್ ಗೀಮ್ ಏನೂ ತರಿಸಲಿಲ್ಲ. ಎರಡು ಗಾದಿಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಅಕ್ಕೋರ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಅದರ ಮೇಲೆ ಅವರ ತಾಯಿ ಹೊಲಿದ ದಪ್ಪ ಕೌದಿಗಳನ್ನು ಇಳಿಬಿಟ್ಟೆವು. ಹಿಂದೆ ಹಾಕಿದ್ದಕ್ಕೆ ಕಾರಣವಿದೆ. ಕಾರ್ಡಿಯಾಯ್ಡ್ ಮೈಕ್ ಎದುರಿನ ದನಿಯನ್ನೇ ಜಾಸ್ತಿ ಹಿಡಿಯುತ್ತದೆ, ಮತ್ತೆ ಮೈಕಿನ ಎದುರು ಇರುವುದು ಹಾಡುವವರು ಮತ್ತು ಅವರ ಹಿಂದಿನ ಗೋಡೆ. ನೆಲದ ಮೇಲೆ ಜಮಖಾನ. ಬಾಯಿಗೂ ಮೈಕಿಗೂ ಒಂದು ಗೇಣು ದೂರ, ನಡುವೆ ಪಾಪ್ ಫಿಲ್ಟರ್. ಚಪ್ಪಾಳೆಯ ಆ ಟ್ರ್‌ರ್‌ರ್ ಹೋಯಿತು. ಡಗ್ಗಾದ ಊತ ಹೋಗಲಿಲ್ಲ. ಗಾದಿ, ಕೌದಿ 56 ಹರ್ಟ್ಝ್ ಅನ್ನು ತಡೆಯುವಷ್ಟು ದಪ್ಪ ಇರುವುದಿಲ್ಲ. ಅದನ್ನು ಆಮೇಲೆ ಇಕ್ಯೂನಲ್ಲಿ, ಅಂದರೆ ಬೇಕಾದ ಹರ್ಟ್ಝ್‌ನ ದನಿಯನ್ನಷ್ಟೇ ಏರಿಳಿಸುವ ಪ್ಲಗಿನ್‌ನಲ್ಲಿ, ಇಳಿಸಿದೆ.

ರಿವರ್ಬ್ ಬಗ್ಗೆ ಬರೆಯುವಾಗ ಕೌದಿಯ ವಿಷಯ ಯಾಕೆ ಅಂತ ಅನಿಸಬಹುದು. ರೆಕಾರ್ಡ್ ಆಗುವಾಗಲೇ ಸೇರಿಕೊಂಡ ಕೋಣೆಯ ದನಿಯನ್ನು ಆಮೇಲೆ ಶುದ್ಧವಾಗಿ ತೆಗೆಯಲು ಆಗುವುದಿಲ್ಲ. ದನಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ, ಹಾಗಾಗಿ ಸಣ್ಣ ಕೋಣೆಯ ಗೋಡೆಗೆ ಬಡಿದು ಬರುವ ಪ್ರತಿಫಲನ ಹತ್ತು ಮಿಲಿಸೆಕೆಂಡಿನ ಒಳಗೇ ಮೈಕಿಗೆ ತಲುಪುತ್ತದೆ. ಅಷ್ಟು ಬೇಗ ಬರುವ ಪ್ರತಿಫಲನವನ್ನು ಕಿವಿ "ಇದು ಚಿಕ್ಕ ಕೋಣೆ" ಅಂತ ಓದಿಕೊಳ್ಳುತ್ತದೆ. ಅದರ ಮೇಲೆ ದೊಡ್ಡ ಹಾಲಿನ ರಿವರ್ಬ್ ಹಾಕಿದರೆ ಕಿವಿಗೆ ಎರಡು ವಿರುದ್ಧ ಸುದ್ದಿ ಸಿಗುತ್ತದೆ. ಮನೆಯ ರೆಕಾರ್ಡಿಂಗ್‌ಗಳು ಎಷ್ಟೇ ದುಬಾರಿ ಪ್ಲಗಿನ್ ಹಾಕಿದರೂ ಅಗ್ಗವಾಗಿ ಕೇಳಿಸುವುದಕ್ಕೆ ಬಹಳ ಸಲ ಇದೇ ಕಾರಣ.

ಈ ಹೊತ್ತಿಗೆ ಮನೆಯ ಹುಡುಗರು ಒಂದು ಉಪಾಯ ಹೇಳಿದರು: "ಬಚ್ಚಲದಾಗ ಹಾಡ್ರಿ, ಭಾರೀ ಕೇಳತೈತಿ." ಇದು ತೀರಾ ತೆಗೆದುಹಾಕುವ ಮಾತಲ್ಲ. 1947ರಲ್ಲಿ ಶಿಕಾಗೋದ ಎಂಜಿನಿಯರ್ ಬಿಲ್ ಪುಟ್ನಂ ತಮ್ಮ ಸ್ಟುಡಿಯೋದ ಬಚ್ಚಲನ್ನೇ ಎಕೋ ಚೇಂಬರ್ ಮಾಡಿಕೊಂಡಿದ್ದರು. ಆದರೆ ಅಲ್ಲಿ ಕಲಾವಿದರು ಬಚ್ಚಲಲ್ಲಿ ನಿಂತು ನುಡಿಸಲಿಲ್ಲ. ಒಳಗೆ ಒಂದು ಸ್ಪೀಕರ್ ಇಟ್ಟು ಅದಕ್ಕೆ ದನಿ ಕಳಿಸಿ, ಅಲ್ಲಿ ಮೊಳಗಿದ್ದನ್ನು ಮೈಕಿನಲ್ಲಿ ವಾಪಸ್ ತಂದು, ಮೂಲ ದನಿಯ ಜೊತೆ ಬೇಕಾದಷ್ಟು ಮಾತ್ರ ಬೆರೆಸಿದರು. ಒಣ ದನಿ ಬೇರೆ, ಮೊಳಗು ಬೇರೆ, ಎರಡರ ಮಟ್ಟ ಏರಿಳಿಸಲೂ ಪ್ರತ್ಯೇಕ ಫೇಡರ್. ಇವತ್ತು ನಾವು ಸೆಂಡ್ ಮತ್ತು ರಿಟರ್ನ್ ಅಂತ ಕರೆಯುವ ಏರ್ಪಾಟು ಅದೇ. ಬಚ್ಚಲಲ್ಲೇ ನಿಂತು ಹಾಡಿದರೆ ಬೆರೆತದ್ದನ್ನು ಬೇರ್ಪಡಿಸುವ ದಾರಿಯೇ ಇರುವುದಿಲ್ಲ.

ಇನ್ನು "ಗುಡಿಯಂಗ" ಅಂದರೆ ಏನು? ಇದರ ಬಗ್ಗೆ ಅಕ್ಕೋರ ಜೊತೆ ಸುಮಾರು ಹೊತ್ತು ಮಾತಾಡಬೇಕಾಯಿತು. ನಮ್ಮಲ್ಲಿ ಹೆಚ್ಚಿನವರ ಕಿವಿಯಲ್ಲಿ ಗುಡಿಯ ದನಿ ಅಂತ ಕೂತಿರುವುದು ಹಬ್ಬದ ದಿನ ಹಾರ್ನ್ ಸ್ಪೀಕರ್‌ಗಳಿಂದ ಬರುವ ಮೈಕ್ ಸೆಟ್ಟಿನ ಎಕೋ. ಹಾಡುವವರು ಮೈಕ್ ಸೆಟ್ಟಿನವನಿಗೆ "ಎಕೋ ಸ್ವಲ್ಪ ಜಾಸ್ತಿ ಕೊಡಪ್ಪಾ" ಅನ್ನುತ್ತಾರೆ, ಅವನು ಮಿಕ್ಸರ್‌ನ ಎಫೆಕ್ಟ್ ನಾಬ್ ತಿರುಗಿಸುತ್ತಾನೆ, ಪ್ರತಿ ಸಾಲಿನ ಕೊನೆಯ ಅಕ್ಷರ ಮೂರು ನಾಲ್ಕು ಸಲ ಕೇಳುತ್ತದೆ. ಅದು ಮಾರ್ದನಿ, ರಿವರ್ಬ್ ಅಲ್ಲ. ವಿಜಯಪುರದ ಗೋಲಗುಮ್ಮಟದಲ್ಲಿ ಕೂಗಿದರೆ ದನಿ ಮತ್ತೆ ಮತ್ತೆ ಬಿಡಿಬಿಡಿಯಾಗಿ ವಾಪಸ್ ಬರುತ್ತದಲ್ಲ, ಅದು ಈ ಜಾತಿಯದು. ಆ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ದನಿ ಆಚೆ ಗೋಡೆಗೆ ಹೋಗಿ ಬರಲು 200 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಮಾತಿನ ಮಟ್ಟಿಗೆ ಸುಮಾರು 50 ಮಿಲಿಸೆಕೆಂಡಿನ ಒಳಗೆ ಬಂದ ಪ್ರತಿಫಲನವನ್ನು ಕಿವಿ ಮೂಲ ದನಿಯ ಜೊತೆಗೇ ಸೇರಿಸಿಕೊಳ್ಳುತ್ತದೆ. ಅದಕ್ಕಿಂತ ಬಹಳ ತಡವಾಗಿ, ಜೋರಾಗಿ ಬಂದದ್ದು ಬೇರೆ ದನಿಯಾಗಿಯೇ ಕೇಳಿಸುತ್ತದೆ.

"ಮೈಕ್ ಸೆಟ್ ಇಲ್ಲದಾಗ, ಬೆಳಗಿನ ಜಾವ, ಗರ್ಭಗುಡಿ ಮುಂದ ಹಾಡಿದಂಗ" ಅಂತ ಅವರೇ ಕೊನೆಗೆ ಬಿಡಿಸಿ ಹೇಳಿದರು. ಇದು ಸಿಕ್ಕ ಮೇಲೆ ಕೆಲಸ ಹಗುರಾಯಿತು, ಯಾಕೆಂದರೆ ಇದನ್ನು ಲೆಕ್ಕ ಹಾಕಬಹುದು. ಹಾರ್ವರ್ಡ್‌ನ ಪ್ರಾಧ್ಯಾಪಕ ವಾಲೇಸ್ ಸ್ಯಾಬೈನ್ 1890ರ ದಶಕದ ಕೊನೆಯಲ್ಲಿ ಒಂದು ಉಪನ್ಯಾಸ ಕೋಣೆಯ ಮೊಳಗಿನ ಸಮಸ್ಯೆ ಬಗೆಹರಿಸಲು ಹೋಗಿ ಕಂಡುಕೊಂಡ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ದನಿ ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿದರೆ, ದನಿ 60 ಡೆಸಿಬಲ್ ಇಳಿಯಲು ಎಷ್ಟು ಸೆಕೆಂಡು ಬೇಕು ಅಂತ ಸಿಗುತ್ತದೆ. ಆ ಸಮಯವನ್ನೇ ಪ್ಲಗಿನ್‌ಗಳಲ್ಲಿ ಡೀಕೇ ಅಂತ ಬರೆದಿರುತ್ತಾರೆ. ಸ್ಯಾಬೈನ್ ತಮ್ಮ ಅಳತೆಗೆ ಆಧಾರ ಮಾಡಿಕೊಂಡದ್ದು ತೆರೆದ ಕಿಟಕಿಯನ್ನು. ಹೊರಗೆ ಹೋದ ದನಿ ವಾಪಸ್ ಬರುವುದಿಲ್ಲ, ಆದ್ದರಿಂದ ತೆರೆದ ಜಾಗ ಅಂದರೆ ನೂರಕ್ಕೆ ನೂರು ಹೀರಿದ ಹಾಗೆ.

3 ಮೀಟರ್ ಉದ್ದ, 3 ಮೀಟರ್ ಅಗಲ, 4 ಮೀಟರ್ ಎತ್ತರದ ಒಂದು ಕಲ್ಲಿನ ಗರ್ಭಗುಡಿ ಅಂದುಕೊಳ್ಳಿ. ಒಟ್ಟು 36 ಘನ ಮೀಟರ್, ಮೇಲ್ಮೈ 66 ಚದರ ಮೀಟರ್. ಕಲ್ಲು ನೂರರಲ್ಲಿ ಎರಡು ಪಾಲು ಮಾತ್ರ ಹೀರುತ್ತದೆ ಅಂತ ಹಿಡಿದರೆ, ಬಾಗಿಲು ಮುಚ್ಚಿದಾಗ ಮೊಳಗು ನಾಲ್ಕು ಸೆಕೆಂಡು ದಾಟುತ್ತದೆ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಗಿಲು ತೆರೆದರೆ ಸಾಕು, ಅದು ಸುಮಾರು 1.8 ಸೆಕೆಂಡಿಗೆ ಇಳಿಯುತ್ತದೆ! ಒಳಗೆ ಒಂದಿಬ್ಬರು ನಿಂತರೆ ಇನ್ನೂ ಕಡಿಮೆ. ಅಂದಾಜು ಲೆಕ್ಕವೇ ಇದು, ನಿಜವಾದ ಗುಡಿಯಲ್ಲಿ ಹೆಚ್ಚುಕಮ್ಮಿ ಆಗುತ್ತದೆ. ಆದರೂ ನಮಗೆ ಬೇಕಾದ ಮಾಹಿತಿ ಸಿಕ್ಕಿತು. ನಮ್ಮ ಗುಡಿ ಯುರೋಪಿನ ದೊಡ್ಡ ಚರ್ಚಿನ ಹಾಗೆ ಐದಾರು ಸೆಕೆಂಡು ತೇಲುವ ಜಾಗ ಅಲ್ಲ. ಚಿಕ್ಕದು, ಗಟ್ಟಿ ಗೋಡೆಯದು, ಒಂದೂವರೆ ಸೆಕೆಂಡಿನ ಆಸುಪಾಸು, ಮೊದಲ ಕ್ಷಣದಿಂದಲೇ ದಟ್ಟ. ಸುತ್ತ ತೆರೆದ ಕಂಬಗಳ ಮಂಟಪವಾದರೆ ಮೊಳಗು ಅದಕ್ಕಿಂತಲೂ ಕಡಿಮೆ.

ಈಗ ಪ್ಲಗಿನ್‌ಗಳು. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಅದರ ಜೊತೆಗೇ ಬರುವ ರಿಯಾವರ್ಬ್ ಕನ್ವಲ್ಯೂಷನ್ ಜಾತಿಯದು, ಅಂದರೆ ನಿಜವಾದ ಒಂದು ಜಾಗದಲ್ಲಿ ಸದ್ದು ಮಾಡಿ ರೆಕಾರ್ಡ್ ಮಾಡಿಕೊಂಡ ಇಂಪಲ್ಸ್ ಫೈಲನ್ನು ಕೊಟ್ಟರೆ ಆ ಜಾಗದ ಮೊಳಗನ್ನು ನಮ್ಮ ದನಿಗೆ ಹಚ್ಚುತ್ತದೆ. ಲೆಕ್ಕದಿಂದಲೇ ಮೊಳಗು ಹುಟ್ಟಿಸುವ ಅಲ್ಗಾರಿದಮ್ ಜಾತಿಯಲ್ಲಿ ಡ್ರಾಗನ್‌ಫ್ಲೈ ತೆಗೆದುಕೊಂಡೆ. ಅದು ಪುಕ್ಕಟೆ, ಓಪನ್ ಸೋರ್ಸ್, ಹಾಲ್, ರೂಮ್, ಪ್ಲೇಟ್ ಅಂತ ಬೇರೆ ಬೇರೆ ಪ್ಲಗಿನ್ ಆಗಿ ಸಿಗುತ್ತದೆ. ಮನೆಯಲ್ಲಿ ಮಿಕ್ಸ್ ಮಾಡುವವರು ರಿವರ್ಬ್‌ಗೆ ಅಂತ ದುಡ್ಡು ಹಾಕುವ ಮೊದಲು ಇವನ್ನು ಪೂರ್ತಿ ಬಳಸಿ ನೋಡಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲರೂ ಮೊದಲು ಕೈ ಹಾಕುವುದು ಕನ್ವಲ್ಯೂಷನ್‌ಗೆ. ಗುಡಿ ಬೇಕಲ್ಲ, ಗುಡಿಯ ಇಂಪಲ್ಸ್ ಹಾಕಿದರಾಯಿತು, ಅಲ್ವಾ? ಆದರೆ ಪುಕ್ಕಟೆ ಸಿಗುವ ಸಂಗ್ರಹಗಳಲ್ಲಿ ಇಂಗ್ಲೆಂಡ್, ಅಮೆರಿಕದ ಜಾಗಗಳೇ ತುಂಬಿವೆ. ಒಂದು ಕಲ್ಲಿನ ಚರ್ಚಿನ ಇಂಪಲ್ಸ್ ಹಾಕಿ ಕೇಳಿಸಿದಾಗ ಅಕ್ಕೋರು ತಕ್ಷಣ ಅಂದರು, "ಇದು ನಮ್ಮ ಗುಡಿ ಅಲ್ಲ." ಸರಿಯಾಗೇ ಹೇಳಿದರು. ಇಂಪಲ್ಸಿನೊಳಗೆ ಆ ಜಾಗದ ಮೊದಲ ಪ್ರತಿಫಲನಗಳೂ ಇರುತ್ತವೆ, ಇಂತಿಷ್ಟು ದೂರದಲ್ಲಿ ಗೋಡೆ ಇದೆ ಅನ್ನುವ ಗುರುತು ಅದು. ನಮ್ಮ ರೆಕಾರ್ಡಿಂಗ್‌ನಲ್ಲಿ, ಕೌದಿ ಕಟ್ಟಿದ ಮೇಲೂ, 10 ಅಡಿ ಕೋಣೆಯ ಗುರುತು ಒಂದಿಷ್ಟು ಉಳಿದಿತ್ತು. ಎರಡೂ ಕೂಡಿ ಬರಲಿಲ್ಲ.

ಹಾಲ್ ರಿವರ್ಬ್ 2.8 ಸೆಕೆಂಡಿಗೆ ಇಟ್ಟಾಗ ಆಲಾಪ ಬಹಳ ಚೆಂದ ಕೇಳಿತು. ಸಾಹಿತ್ಯ ಶುರುವಾದ ಕೂಡಲೇ ಎಲ್ಲ ಕಲಸಿಹೋಯಿತು. ಯಾಕೆ ಅಂತ ನೋಡಲು ವೇವ್‌ಫಾರ್ಮ್, ಅಂದರೆ ದನಿಯ ಏರಿಳಿತದ ಗೆರೆಚಿತ್ರ, ಹಿಗ್ಗಿಸಿದೆ.

ಇದನ್ನು ನೀವೂ ಒಮ್ಮೆ ಮಾಡಿ ನೋಡಿ. "ಬೆಟ್ಟ" ಅಂತ ಹಾಡಿದ್ದನ್ನು ದೊಡ್ಡದು ಮಾಡಿ ನೋಡಿದರೆ, "ಬೆ" ಮುಗಿದ ಮೇಲೆ ಗೆರೆ ಪೂರ್ತಿ ಚಪ್ಪಟೆ. ನಾಲಿಗೆ ಅಂಗುಳಕ್ಕೆ ಒತ್ತಿ ಉಸಿರನ್ನು ತಡೆದು ನಿಂತಿರುತ್ತದೆ. ಆಮೇಲೆ ಒಂದು ಸಣ್ಣ ಸಿಡಿತ, ಅಲ್ಲಿಂದ "ಟ". ಅಕ್ಕೋರ ಹಾಡಿಕೆಯಲ್ಲಿ ಆ ಚಪ್ಪಟೆ ಜಾಗ ಸುಮಾರು 150 ಮಿಲಿಸೆಕೆಂಡ್ ಇತ್ತು. ಮುತ್ತು, ತಪ್ಪು, ಅಕ್ಕ, ಬಿಟ್ಟು, ಎಲ್ಲದರಲ್ಲೂ ಹೀಗೇ. ಒತ್ತು ಅಂತ ನಾವು ಕೇಳುವುದೇ ಆ ಮೌನದ ಉದ್ದವನ್ನು. ಮೌನ ಗಿಡ್ಡವಾದರೆ, ಇಲ್ಲವೇ ಅದರೊಳಗೆ ಬೇರೆ ಸದ್ದು ತುಂಬಿದರೆ, ಒತ್ತು ಸಡಿಲವಾಗುತ್ತದೆ, ಮಾತು ಮಂಕಾಗುತ್ತದೆ.

ಈಗ ಲೆಕ್ಕ ನೋಡಿ. ಡೀಕೇ 2.8 ಸೆಕೆಂಡ್ ಇದ್ದರೆ ಆ 150 ಮಿಲಿಸೆಕೆಂಡಿನಲ್ಲಿ ಮೊಳಗು ಇಳಿಯುವುದು ಬರೀ 3 ಡೆಸಿಬಲ್ ಚಿಲ್ಲರೆ. "ಬೆ"ಯ ಮೊಳಗು ಹೆಚ್ಚುಕಮ್ಮಿ ಹಾಗೇ ನಿಂತಿರುತ್ತದೆ, ಮೌನ ಅನ್ನುವುದೇ ಇರುವುದಿಲ್ಲ. 1.4 ಸೆಕೆಂಡಿಗೆ ಇಳಿಸಿದರೆ 6 ಡೆಸಿಬಲ್‌ಗಿಂತ ಜಾಸ್ತಿ ಇಳಿಯುತ್ತದೆ. 0.6 ಸೆಕೆಂಡಾದರೆ 15 ಡೆಸಿಬಲ್. ದೊಡ್ಡ ಹಾಲ್ ಪ್ರೀಸೆಟ್ ನಮ್ಮ ಹಾಡಿಗಿಂತ ಇಂಗ್ಲಿಷ್ ಹಾಡುಗಳಿಗೆ ಸಲೀಸಾಗಿ ಹೊಂದುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ. ಆ ಭಾಷೆಯ ಪದಗಳೊಳಗೆ ಈ ರೀತಿ ಒತ್ತು ಇಲ್ಲ, ತಡೆದು ನಿಲ್ಲುವ ಇಷ್ಟು ಉದ್ದದ ಮೌನ ಅಲ್ಲಿ ಮಾತಿನ ಅರ್ಥವನ್ನು ಹೊರಬೇಕಾಗಿಲ್ಲ.

ರಾಗದ ಕಡೆಯಿಂದಲೂ ಇದೇ ಮಾತು ಹೊರಡುತ್ತದೆ. ಈ ವಚನವನ್ನು ಅವರು ಭೈರವಿಯಲ್ಲಿ ಹಾಡಿದ್ದರು. ಕೋಮಲ ರಿಷಭದಿಂದ ಷಡ್ಜಕ್ಕೆ ಇಳಿಯುವಾಗ ಹಿಂದಿನ ರಿಷಭದ ಮೊಳಗು ಇನ್ನೂ ನಿಂತಿದ್ದರೆ, ಅರ್ಧ ಸ್ವರದ ಅಂತರದ ಎರಡು ಸ್ವರ ಒಟ್ಟಿಗೆ ಕೇಳಿ ಕಿವಿಗೆ ಉಜ್ಜುತ್ತದೆ. ಮೀಂಡ್‌ನಲ್ಲಂತೂ ದನಿ ಜಾರಿದ ದಾರಿಯೇ ಪೂರ್ತಿ ಮಸುಕಾಗುತ್ತದೆ.

ಪ್ಲೇಟ್‌ಗೆ ಬಂದೆ. ಪ್ಲೇಟ್ ಅಂದರೆ ಮೂಲದಲ್ಲಿ ನಿಜವಾದ ಉಕ್ಕಿನ ತಗಡು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ತಂದ ಇಎಂಟಿ 140ರಲ್ಲಿ ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೆಳು ತಗಡನ್ನು ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿರುತ್ತಿದ್ದರು. ಒಂದು ಕಡೆಯಿಂದ ದನಿ ಕೊಟ್ಟು ತಗಡನ್ನು ಅದುರಿಸುವುದು, ಇನ್ನೊಂದು ಕಡೆ ಪಿಕಪ್‌ನಿಂದ ಆ ಅದುರು ಹಿಡಿಯುವುದು. ಇಡೀ ಪೆಟ್ಟಿಗೆ ಕಾಲು ಟನ್‌ಗಿಂತ ಜಾಸ್ತಿ ತೂಕ. ಅದೇ ಗುಣವನ್ನು ಈಗಿನ ಪ್ಲಗಿನ್‌ಗಳು ಲೆಕ್ಕದಲ್ಲಿ ಮಾಡುತ್ತವೆ.

ಪ್ಲೇಟಿನ ಗುಣ ಏನು? ಅದರಲ್ಲಿ ಕೋಣೆ ಇಲ್ಲ. ಗೋಡೆಗಳಿಂದ ಬರುವ ಬಿಡಿಬಿಡಿ ಮೊದಲ ಪ್ರತಿಫಲನಗಳಿಲ್ಲ, ಶುರುವಿನಿಂದಲೇ ದಟ್ಟ ಮೊಳಗು. ಹಾಗಾಗಿ ನಮ್ಮ ರೆಕಾರ್ಡಿಂಗ್‌ನಲ್ಲಿ ಉಳಿದಿದ್ದ ಸಣ್ಣ ಕೋಣೆಯ ಗುರುತಿನ ಜೊತೆ ಅದು ಜಗಳಕ್ಕೆ ನಿಲ್ಲಲಿಲ್ಲ. ಗರ್ಭಗುಡಿಯ ಲೆಕ್ಕದಲ್ಲಿ ಸಿಕ್ಕ "ಚಿಕ್ಕದು, ಗಟ್ಟಿ, ಬೇಗ ದಟ್ಟವಾಗುವುದು" ಅನ್ನುವುದಕ್ಕೂ ಹತ್ತಿರ. ಮನೆಯ ಸಾಧಾರಣ ಕೋಣೆಯಲ್ಲಿ ಹಾಡಿದ ದನಿಗೆ ಹಾಲ್‌ಗಿಂತ ಪ್ಲೇಟ್ ಬೇಗ ಒಗ್ಗುತ್ತದೆ ಅನ್ನುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಡೀಕೇ 1.4 ಸೆಕೆಂಡಿಗೆ ನಿಲ್ಲಿಸಿದೆ.

ಪ್ರೀ-ಡಿಲೇ 50 ಮಿಲಿಸೆಕೆಂಡ್. ಅಂದರೆ ಒಣ ದನಿ ಹೊರಟು ಅಷ್ಟು ಹೊತ್ತಾದ ಮೇಲೆ ಮೊಳಗು ಶುರುವಾಗುತ್ತದೆ, ಅಕ್ಷರದ ಸಿಡಿತ ಮೊದಲು ಶುದ್ಧವಾಗಿ ಕಿವಿಗೆ ಬೀಳುತ್ತದೆ. ಹಾಡಿನ ನಡೆ ನಿಮಿಷಕ್ಕೆ 75 ಮಾತ್ರೆಯ ಆಸುಪಾಸು ಇತ್ತು, ಒಂದು ಮಾತ್ರೆಗೆ 800 ಮಿಲಿಸೆಕೆಂಡ್, ಅದರ ಹದಿನಾರನೇ ಒಂದು ಭಾಗ 50. ತಾಳಕ್ಕೆ ಹೊಂದಿದ್ದು ಒಳ್ಳೆಯದೇ, ಆದರೆ ಅದಕ್ಕಾಗಿಯೇ ಆರಿಸಿದ್ದಲ್ಲ. 80 ದಾಟಿಸಿ ನೋಡಿದಾಗ ಮೊಳಗು ಬೇರೆ ಸದ್ದಾಗಿ ಹಿಂದೆ ಬೀಳತೊಡಗಿತು. ಒಂದು ಮಾತು ಗಮನದಲ್ಲಿರಲಿ: ಪ್ರೀ-ಡಿಲೇ ಅಕ್ಷರದ ಆರಂಭವನ್ನು ಕಾಪಾಡುತ್ತದೆ, ಒತ್ತಿನ ಮೌನವನ್ನು ಕಾಪಾಡುವುದಿಲ್ಲ. ಹಿಂದಿನ ಸ್ವರದ ಮೊಳಗನ್ನು ಅದು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಮೌನಕ್ಕೆ ಮೊದಲ ಮದ್ದು ಡೀಕೇ.

ರಿವರ್ಬ್‌ನ ಮುಂದೆ ಒಂದು ಇಕ್ಯೂ ಹಾಕಿದೆ, 300 ಹರ್ಟ್ಝ್ ಕೆಳಗಿನದು ಹೋಗದ ಹಾಗೆ, 6 ಕಿಲೋಹರ್ಟ್ಝ್ ಮೇಲಿನದು ಹೋಗದ ಹಾಗೆ. ಲಂಡನ್ನಿನ ಅಬೇ ರೋಡ್ ಸ್ಟುಡಿಯೋದ ಹಳೇ ಪದ್ಧತಿಯಲ್ಲಿ ಕೆಳಗಿನದನ್ನು ಇನ್ನೂ ಜೋರಾಗಿ, 600 ಹರ್ಟ್ಝ್‌ನಿಂದಲೇ ಕತ್ತರಿಸಿ, ಮೇಲೆ ಮಾತ್ರ 10 ಕಿಲೋಹರ್ಟ್ಝ್ ತನಕ ಬಿಡುತ್ತಾರೆ. 600ಕ್ಕೆ ಏರಿಸಿದರೆ ಅಕ್ಕೋರ ದನಿಯ ಮಂದ್ರದ ಬಿಸುಪು ಮೊಳಗಿನಲ್ಲಿ ಕಾಣೆಯಾಗುತ್ತಿತ್ತು, ಅದಕ್ಕೆ 300ಕ್ಕೇ ಬಿಟ್ಟೆ. ಮೇಲಿನದನ್ನು ಮಾತ್ರ ಗಟ್ಟಿಯಾಗಿ ಇಳಿಸಿದ್ದು ಸ, ಶ, ಚ ಅಕ್ಷರಗಳಿಗಾಗಿ. "ಶರಣ" ಅಂದಾಗ ಆ "ಶ" ಪ್ಲೇಟಿಗೆ ಬಡಿದು ಸ್ಸ್‌ಸ್ ಅಂತ ಚೆಲ್ಲಾಪಿಲ್ಲಿ ಆಗುತ್ತಿತ್ತು. ಇಕ್ಯೂ ಸಾಲದೆ ಸೆಂಡ್ ಮೇಲೆ ಇಂಥ ಸದ್ದನ್ನು ತಗ್ಗಿಸುವ ಒಂದು ಡೀ-ಎಸ್ಸರ್ ಕೂಡ ಹಾಕಿದೆ. ಮುಖ್ಯ ದನಿಯ ಮೇಲೆ ಅಷ್ಟು ಜೋರಾಗಿ ಡೀ-ಎಸ್ಸರ್ ಹಾಕಿದ್ದರೆ ಹಾಡುವವರಿಗೆ ತೊದಲು ಬಂದ ಹಾಗೆ ಕೇಳುತ್ತದೆ, ಸೆಂಡ್ ಮೇಲೆ ಹಾಕಿದರೆ ಆ ಹೆದರಿಕೆ ಇಲ್ಲ.

ಇನ್ನು ಡಕ್ಕಿಂಗ್. ರಿವರ್ಬ್ ಟ್ರ್ಯಾಕ್ ಮೇಲೆ ದನಿಯ ಮಟ್ಟವನ್ನು ತಾನಾಗಿ ತಗ್ಗಿಸುವ ಒಂದು ಕಂಪ್ರೆಸರ್ ಇಟ್ಟು, ಅದಕ್ಕೆ ಒಣ ದನಿಯಿಂದ ಸೂಚನೆ ಕೊಡುವುದು. ಹಾಡುತ್ತಿರುವಾಗ ಮೊಳಗು 4 ಡೆಸಿಬಲ್‌ನಷ್ಟು ತಗ್ಗುತ್ತದೆ, ಸಾಲು ಮುಗಿದು ಉಸಿರು ತೆಗೆದುಕೊಳ್ಳುವಾಗ ಮೇಲೇಳುತ್ತದೆ. ರೀಪರ್‌ನಲ್ಲಿ ದನಿಯ ಟ್ರ್ಯಾಕಿನಿಂದ ರಿವರ್ಬ್ ಟ್ರ್ಯಾಕಿನ 3 ಮತ್ತು 4ನೇ ಚಾನೆಲ್‌ಗೆ ಸೆಂಡ್ ಕೊಟ್ಟು, ಅದರದೇ ಕಂಪ್ರೆಸರ್ ಆದ ರಿಯಾಕಾಂಪ್‌ನ ಡಿಟೆಕ್ಟರ್‌ನಲ್ಲಿ ಆಕ್ಸಿಲರಿ ಇನ್‌ಪುಟ್ ಆರಿಸಿದರೆ ಆಯಿತು. ಗುಡಿಯೂ ಬೇಕು, ಮಾತೂ ಬೇಕು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಆದರೆ ರಿಲೀಸ್ ಸಮಯದಲ್ಲಿ, ಅಂದರೆ ದನಿ ನಿಂತ ಮೇಲೆ ಕಂಪ್ರೆಸರ್ ಕೈ ಬಿಡಲು ತೆಗೆದುಕೊಳ್ಳುವ ಹೊತ್ತಿನಲ್ಲಿ, ಎಚ್ಚರ ಬೇಕು. ಸಾಮಾನ್ಯವಾಗಿ ಹೇಳುವ ಹಾಗೆ 100 ಮಿಲಿಸೆಕೆಂಡ್ ಇಟ್ಟಾಗ "ಬೆಟ್ಟ"ದ ಮೌನ ಬಂದ ಕೂಡಲೇ ಕಂಪ್ರೆಸರ್ ಕೈ ಬಿಡುತ್ತಿತ್ತು, ಮೊಳಗು ಸರಿಯಾಗಿ ಆ ಮೌನದೊಳಗೇ ನುಗ್ಗುತ್ತಿತ್ತು. ಡಕ್ಕಿಂಗ್ ಹಾಕಿದ ಮೇಲೆ ಮಾತು ಇನ್ನೂ ಮಂಕು! ರಿಲೀಸನ್ನು 400 ಮಿಲಿಸೆಕೆಂಡಿಗೆ ಏರಿಸಿದ ಮೇಲೆ ಸರಿಹೋಯಿತು. ಒತ್ತಿನ ಮೌನ ಕಂಪ್ರೆಸರ್‌ಗೆ ಗೊತ್ತಾಗುವ ಮೊದಲೇ ಮುಗಿಯುತ್ತದೆ, ಸಾಲಿನ ಕೊನೆಯ ಉಸಿರು ಮಾತ್ರ ಅದಕ್ಕೆ ಸಿಗುತ್ತದೆ. ಕನ್ನಡ, ತೆಲುಗು, ತಮಿಳು, ಯಾವ ಭಾಷೆಯಲ್ಲಿ ಒತ್ತು ಇದೆಯೋ ಅಲ್ಲೆಲ್ಲ ಇದನ್ನು ಮಾಡಿ ನೋಡಬೇಕು.

ಉಳಿದ ವಾದ್ಯಗಳದ್ದು ಸುಲಭ. ತಂಬೂರಿಗೆ ರಿವರ್ಬ್ ಹಾಕಲೇ ಇಲ್ಲ. ನಿಲ್ಲದೆ ನುಡಿಯುವ ದನಿಯಲ್ಲಿ ಮೊಳಗು ಕೇಳಿಸುವುದಿಲ್ಲ, ಸುಮ್ನೆ ಕೆಸರು ಜಾಸ್ತಿ ಆಗುತ್ತದೆ. ಅಕ್ಷರಗಳ ನಡುವಿನ ಮೌನವನ್ನು ತಂಬೂರಿಯೂ ತುಂಬುತ್ತಿತ್ತು, ಹಾಗಾಗಿ ಅದರ ಮಟ್ಟವನ್ನೇ ಒಂದಿಷ್ಟು ಇಳಿಸಿದೆ. ಹಾರ್ಮೋನಿಯಂ ಮತ್ತು ತಬಲಾಕ್ಕೆ 0.6 ಸೆಕೆಂಡಿನ ಸಣ್ಣ ರೂಮ್ ರಿವರ್ಬ್, ಬಹಳ ಕಡಿಮೆ. ಅದೇ ರೂಮ್‌ಗೆ ದನಿಯನ್ನೂ ಚೂರು ಕಳಿಸಿದೆ, ಎಲ್ಲರೂ ಒಂದೇ ಜಾಗದಲ್ಲಿ ಕೂತಿದ್ದಾರೆ ಅನಿಸಲಿ ಅಂತ. ಡಗ್ಗಾವನ್ನು ಮಾತ್ರ ರೂಮ್‌ಗೂ ಕಳಿಸಲಿಲ್ಲ.

ಕೊನೆಯ ತೀರ್ಮಾನವೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಇಡೀ ಹಾಡಿಗೆ ಒಂದೇ ರಿವರ್ಬ್ ಯಾಕಿರಬೇಕು? ಆಲಾಪದಲ್ಲಿ ಮಾತಿಲ್ಲ, ಅಲ್ಲಿ 2.2 ಸೆಕೆಂಡಿನ ಇನ್ನೊಂದು ಪ್ಲೇಟ್ ಬೇರೆ ಟ್ರ್ಯಾಕಿನಲ್ಲಿ ಇಟ್ಟು ಅದರ ಸೆಂಡ್ ತೆರೆದೆ. ಮೊದಲ ಸಾಲಿನ ಮಾತು ಶುರುವಾಗುವ ಮೊದಲೇ ಆಟೋಮೇಷನ್‌ನಿಂದ ಅದನ್ನು ಮುಚ್ಚಿದೆ. ವಚನದ ಕೊನೆಯಲ್ಲಿ ಅಂಕಿತ ಬರುತ್ತದೆ. ಅದು ಕೇಳುವವರಿಗೆಲ್ಲ ಬಾಯಿಪಾಠ, ಅಲ್ಲಿ ಮಾತು ತಿಳಿಯುವುದರ ಚಿಂತೆ ಇಲ್ಲ, ಅಕ್ಕೋರೂ ಅದನ್ನು ಎಳೆದು ಹಾಡುತ್ತಾರೆ. ಅಲ್ಲಿ ಉದ್ದದ ಪ್ಲೇಟನ್ನು ಮತ್ತೆ ತೆರೆದೆ. ಗುಡಿ ಕೇಳಬೇಕಾದ ಕಡೆ ಗುಡಿ, ಮಾತು ಕೇಳಬೇಕಾದ ಕಡೆ ಮಾತು. ಇದನ್ನು ಕೇಳಿ ಅಕ್ಕೋರು, "ಹಾಂ, ಈಗ ಬಂತು ನೋಡು" ಅಂದರು.

ಮಟ್ಟ ಇಡುವಾಗ ನನ್ನ ರೂಢಿ ಇದು: ಮೊಳಗು ಕೇಳಿಸುವ ತನಕ ಫೇಡರ್ ಏರಿಸಿ, ಅಲ್ಲಿಂದ 2 ಡೆಸಿಬಲ್ ಇಳಿಸುವುದು. ಆಮೇಲೆ ರಿವರ್ಬ್ ಮ್ಯೂಟ್ ಮಾಡಿದರೆ ಏನೋ ಕಳೆದುಹೋಯಿತು ಅನಿಸಬೇಕು, ಹಾಕಿದಾಗ ಹಾಕಿದೆ ಅಂತ ಗೊತ್ತಾಗಬಾರದು. ಕಿವಿ ರಿವರ್ಬ್‌ಗೆ ಬಹಳ ಬೇಗ ಒಗ್ಗಿಕೊಂಡು ಇನ್ನಷ್ಟು ಕೇಳುತ್ತದೆ, ಅದಕ್ಕೆ ನಡುವೆ ಎದ್ದು ಹೋಗಿ ಚಹಾ ಕುಡಿದು ಬಂದು ಮತ್ತೆ ಕೇಳುವುದು ಒಳ್ಳೆಯದು. ಹೆಡ್‌ಫೋನ್‌ನಲ್ಲಿ ಸಣ್ಣ ಮೊಳಗೂ ನಿಚ್ಚಳ, ಸ್ಪೀಕರ್‌ನಲ್ಲಿ ಅದೇ ಮಾಯ. ಫೋನಿನ ಸ್ಪೀಕರ್‌ನಲ್ಲಿ ಕೆಳಗಿನ ದನಿ ಬರುವುದಿಲ್ಲ, ಹಾಗಾಗಿ ಮಧ್ಯದ ಮೊಳಗು ಎದ್ದು ಕಾಣುತ್ತದೆ. ಮೋನೋದಲ್ಲಿ ಕೇಳಿದಾಗ ಅಗಲವಾದ ಸ್ಟೀರಿಯೋ ರಿವರ್ಬ್ ಒಂದಕ್ಕೊಂದು ಕಳೆದುಕೊಂಡು ತೆಳ್ಳಗಾಗುತ್ತಿತ್ತು, ಪ್ಲೇಟಿನ ಅಗಲವನ್ನು ಶೇಕಡಾ 80ಕ್ಕೆ ಇಳಿಸಿದ ಮೇಲೆ ನಿಂತಿತು.

ಮಠದ ಕಾರ್ಯಕ್ರಮಕ್ಕೆ ಬೇರೆಯದೇ ಫೈಲ್ ಕೊಟ್ಟೆ. ಸಭಾಭವನಕ್ಕೆ ತನ್ನದೇ ಮೊಳಗು ಇರುತ್ತದೆ, ಮೈಕ್ ಸೆಟ್ಟಿನವರು ಅದರ ಮೇಲೆ ಎಕೋ ಹಾಕಿದರೂ ಹಾಕಿದರೇ. ಆ ಫೈಲಿನಲ್ಲಿ ಉದ್ದದ ಪ್ಲೇಟ್ ಪೂರ್ತಿ ಮುಚ್ಚಿ, ಗಿಡ್ಡದ್ದನ್ನು 6 ಡೆಸಿಬಲ್ ಇಳಿಸಿ, ರೂಮ್ ಮಾತ್ರ ಇದ್ದ ಹಾಗೇ ಬಿಟ್ಟೆ. ಎರಡು ಫೈಲಿನ ಹೆಸರಿನಲ್ಲೂ "ಫೋನಿಗೆ", "ಸಭೆಗೆ" ಅಂತ ಸ್ಪಷ್ಟವಾಗಿ ಬರೆದೆ. ರೆಂಡರ್ ಮಾಡುವಾಗ ಕೊನೆಯ ಸ್ವರದ ನಂತರ ಮೂರು ಸೆಕೆಂಡ್ ಹೆಚ್ಚಿಗೆ ಬಿಟ್ಟಿದ್ದೆ, ಇಲ್ಲದಿದ್ದರೆ ಅಂಕಿತದ ಮೊಳಗು ನಡುವೆಯೇ ಕಡಿದುಹೋಗುತ್ತದೆ.